ಗಂಟಲಣ್ಣ ಕಂಪ್ಯೂಟರು ಕೊಳ್ಳಲು ಹೊರಟದ್ದು

"ಅಂಗಡಿಗೆ ಹೋಗಿ, ಚೀಟೀಲಿ ಬರೆದಿರೋ ಬೆಲೆ ಓದಿ, ಬಾಯಿ ಮುಚ್ಚಿಕೊಂಡು ಕೊಟ್ಟು ಬರೋದಾದ್ರೆ ಅದಕ್ಕೆ ನಾನ್ಯಾಕೆ ಬೇಕು? ನೋಡೇ, ಈ ಮನೇಲಿ ಹರಾಜು ಬಲ್ಲ ಗಂಡಸು ಒಬ್ಬ ಉಸಿರಾಡ್ತಿರೋವರೆಗೂ ಕಂಪ್ಯೂಟರು ಅಂಗಡಿಯಿಂದ ಬರಲ್ಲ."

ಊಟದ ಮೇಜಿನ ಮುಂದೆ ಎದ್ದು ನಿಂತು ಹೀಗೆಂದು ಘೋಷಿಸಿದವನು ಗಂಟಲಣ್ಣ. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕಸುಬು. ಮುಂಜಾನೆ ಮಗುಚಿ ಹಾಕಿದ ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಅವನು ಒಮ್ಮೆ ಬಾಯಿ ತೆರೆದನೆಂದರೆ, ಟೊಮೇಟೊ ರಾಶಿಯ ಹಿಂದೆ ನಿದ್ದೆ ಹೋಗಿದ್ದ ಬೆಕ್ಕುಗಳು ಪಕ್ಕದ ಓಣಿಗೆ ಹೋಗಿ ನಿದ್ದೆ ಮುಂದುವರಿಸುತ್ತವೆ. ತಾಯಿತಂದೆ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಉಳಿದವರಿಗೆಲ್ಲ ಅವನು ಗಂಟಲಣ್ಣ. ನಿನ್ನೆಯ ಸೊಪ್ಪನ್ನು ಇವತ್ತಿನದೆಂದು ಮಾರುವವರು ಎಲ್ಲ ಕಡೆ ಇದ್ದಾರೆ. ನಿನ್ನೆಯ ಸೊಪ್ಪನ್ನು ನಿನ್ನೆಯದೆಂದೇ ಹೇಳಿ, 'ಒಂದು ರಾತ್ರಿ ಹದವಾಗಿ ಕೂತ ಸೊಪ್ಪು ಸ್ವಾಮಿ' ಎಂದು ಹೆಚ್ಚಿನ ಬೆಲೆಗೆ ಮಾರುವವನು ಅವನೊಬ್ಬನೇ.

ಕಂಪ್ಯೂಟರು ಬೇಕಾಗಿದ್ದದ್ದು ಅವನಿಗಲ್ಲ, ಹೆಂಡತಿಗೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವಳ ಕಸೂತಿ ಯಂತ್ರವಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಕಳಿಸಿದರೆ ಯಂತ್ರ ತಾನೇ ಬಟ್ಟೆಯ ಮೇಲೆ ಹೊಲಿದುಕೊಡುತ್ತಿತ್ತು. ಈಜು ಕ್ಲಬ್ಬಿನವರು ತಮ್ಮ ಜಾಕೆಟ್ಟುಗಳ ಬೆನ್ನಿಗೆಲ್ಲ ಡಾಲ್ಫಿನ್ ಹೊಲಿದು ಕೊಡಿ ಎಂದು ಅವಳಿಗೆ ಒಪ್ಪಿಸಿದ್ದರು. ಅಷ್ಟು ದೊಡ್ಡ ಕೆಲಸ ಅವಳ ಕೈಗೆ ಬಂದದ್ದು ಅದೇ ಮೊದಲು. ಮೊದಲ ಜಾಕೆಟ್ಟಿನ ಡಾಲ್ಫಿನ್ ಮೂತಿ ಆಯಿತು, ಹೊಟ್ಟೆ ಆಯಿತು, ಬೆನ್ನಿನ ರೆಕ್ಕೆಯೂ ಆಯಿತು. ಬಾಲಕ್ಕೆ ಬರುವಷ್ಟರಲ್ಲಿ ಹಳೆಯ ಕಂಪ್ಯೂಟರು ಒಂದು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ರಿಪೇರಿಯವನು ಅದರ ಬೆನ್ನು ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ಮನೆಯವರನ್ನು ಸಮಾಧಾನಪಡಿಸಿ ಹೋದ. ಬಾಲವಿಲ್ಲದ ಡಾಲ್ಫಿನ್ ಯಂತ್ರದ ಮೇಲೆ ನೇತಾಡುತ್ತ ಹೋಗುವವರನ್ನೂ ಬರುವವರನ್ನೂ ನೋಡುತ್ತಿತ್ತು.

"ಹರಾಜಲ್ಲಿ ಸಿಗೋದು ಹಳೇದಲ್ವೇನ್ರೀ?" ಎಂದಳು ಹೆಂಡತಿ. "ಅಂಗಡೀಲಿ ಕಂತಿನ ಮೇಲೆ ಹೊಸದೇ ಕೊಡ್ತಾರೆ. ಮುಂದಿನ ವಾರ ನಾನು ಕೆಲಸ ಶುರು ಮಾಡ್ಲೇಬೇಕು. ಇಲ್ಲಾಂದ್ರೆ ಕ್ಲಬ್ಬಿನವರು ಬೇರೆಯವರ ಹತ್ರ ಹೋಗ್ತಾರೆ."

"ಹಳೇದು ಅನ್ನಬೇಡ. ಪಳಗಿದ್ದು ಅನ್ನು. ಹೊಸದರ ಅರ್ಧ ಬೆಲೆಗೆ ಮುಂದಿನ ವಾರದೊಳಗೆ ಇದೇ ಮೇಜಿನ ಮೇಲೆ ತಂದು ಇಡ್ತೀನಿ. ಹರಾಜು ಅಂದ್ರೆ ನನ್ನ ಮುಂದೆ ಕೈಕಟ್ಟಿ ನಿಲ್ಲುತ್ತೆ."

ಹೈಸ್ಕೂಲಿಗೆ ಹೋಗುವ ಮಗಳು ಅಷ್ಟರಲ್ಲಿ ಫೋನಿನಲ್ಲಿ ಹಳೆಯ ಸಾಮಾನುಗಳ ಹರಾಜು ನಡೆಸುವ ತಾಣವೊಂದನ್ನು ತೆರೆದಿದ್ದಳು. ಮನೆ ಬದಲಾಯಿಸುತ್ತಿದ್ದ ದಂತವೈದ್ಯರೊಬ್ಬರು ತಮ್ಮ ಸಾಮಾನುಗಳನ್ನು ಒಂದೊಂದಾಗಿ ಅಲ್ಲಿ ಹರಾಜಿಗೆ ಇಟ್ಟಿದ್ದರು. ಅದರಲ್ಲೊಂದು ಕಂಪ್ಯೂಟರು. ಕಪ್ಪು ಪೆಟ್ಟಿಗೆ, ಅಗಲವಾದ ಪರದೆ, ಒಂದು ಮೂಲೆಯಲ್ಲಿ ಸಣ್ಣ ಗೀರು. ಭಾನುವಾರ ಸಂಜೆಗೆ ಹರಾಜು ಮುಗಿಯುವುದಿತ್ತು. ಇದುವರೆಗೆ ಯಾರೂ ಕೈ ಹಾಕಿರಲಿಲ್ಲ.

"ಇದು ಸಾಕು, ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ," ಎಂದು ಹೆಂಡತಿ ಫೋನಿನ ಮೇಲೆ ಬಗ್ಗಿದಳು.

ಮಗಳು ಅಪ್ಪನಿಗೆ ಪಾಠ ಮಾಡಿದಳು. "ಅಪ್ಪ, ಇಲ್ಲಿ ಕೂಗೋದೇನೂ ಇಲ್ಲ. ನಾವು ಎಷ್ಟರವರೆಗೆ ಕೊಡಬಹುದು ಅನ್ನೋದನ್ನ ಗುಟ್ಟಾಗಿ ಒಳಗೆ ಬರೆದಿಟ್ಟರೆ ಆಯ್ತು. ಬೇರೆ ಯಾರಾದ್ರೂ ಬೆಲೆ ಏರಿಸಿದ್ರೆ ನಮ್ಮ ಪರವಾಗಿ ಅದೇ ಒಂದು ಮೆಟ್ಟಿಲು ಮೇಲೆ ಹಾಕುತ್ತೆ. ನಮ್ಮ ಮಿತಿ ಬಂದ ಕೂಡಲೇ ನಿಲ್ಲುತ್ತೆ. ನಾವು ಸುಮ್ಮನಿದ್ರೆ ಸಾಕು."

"ಸುಮ್ಮನಿರೋದಾ?" ಎಂದ ಗಂಟಲಣ್ಣ. ಆ ಪದವನ್ನು ಅವನು ಯಾರದೋ ಮನೆಯ ಸಾಮಾನನ್ನು ನೋಡುವಂತೆ ನೋಡಿದ.

ಅವಳು ಹೊಸದರ ಅರ್ಧ ಬೆಲೆಯನ್ನು ಮಿತಿಯಾಗಿ ಬರೆದಿಟ್ಟಳು. ಹೆಸರಿನ ಜಾಗ ಖಾಲಿ ಬಿಟ್ಟರೆ ಆ ತಾಣದವರು ತಾವೇ ಒಂದು ಪ್ರಾಣಿಯ ಹೆಸರು ಇಡುತ್ತಿದ್ದರು. ಇವರಿಗೆ 'ಮೊಲ' ಎಂದು ಬಂತು. ಹರಾಜು ಕೂಗುವವನ ಮನೆಗೆ ಮೊಲವೇ ಎಂದು ಗಂಟಲಣ್ಣನಿಗೆ ಬೇಸರವಾಯಿತು. ಅಪ್ಪನ ಮುಖ ನೋಡಿ ಮಗಳು ಅವನ ಫೋನಿನಲ್ಲೂ ಬೇರೊಂದು ಖಾತೆ ತೆರೆದುಕೊಟ್ಟಳು. ಅದು ನೋಡುವುದಕ್ಕೆ ಮಾತ್ರ, ಬೆಲೆ ಹಾಕುವುದಕ್ಕಲ್ಲ ಎಂದು ಎಚ್ಚರಿಸಿದಳು. ಆ ಖಾತೆಗೆ ಅವನು ತಾನೇ ಯೋಚಿಸಿ, ಕೆನ್ನೆ ತುರಿಸಿಕೊಂಡು, 'ಅನುಭವಸ್ಥ' ಎಂದು ಹೆಸರಿಟ್ಟುಕೊಂಡ.

ಮರುದಿನ ಅತ್ತೆಯ ಫೋನು ಬಂತು. ಅತ್ತೆ ಎಂದರೆ ಹೆಂಡತಿಯ ತಾಯಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಊರಿನ ಆಚೆ ತುದಿಯಲ್ಲಿ ಒಬ್ಬರೇ ಇದ್ದುಕೊಂಡು ಈ ಮನೆಯನ್ನು ಅಲ್ಲಿಂದಲೇ ನೋಡಿಕೊಳ್ಳುತ್ತಿದ್ದರು. ಅಳಿಯನ ಮಾತನ್ನು ಮದುವೆಯ ದಿನದಿಂದ ಇಂದಿನವರೆಗೆ ಅವರು ನಂಬಿದ್ದಿಲ್ಲ. ಅವನು ಮಳೆ ಬರುತ್ತಿದೆ ಎಂದರೆ ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿದ ಮೇಲೆಯೇ ಕೊಡೆ ತೆಗೆಯುವವರು. ದಂತವೈದ್ಯರ ಕಂಪ್ಯೂಟರು ಯಾವ ತಾಣದಲ್ಲಿ ಹರಾಜಿಗಿದೆ ಎಂಬುದನ್ನಷ್ಟೇ ಹೆಂಡತಿ ಅವರಿಗೆ ಬೆಳಿಗ್ಗೆ ಹೇಳಿದ್ದಳು.

"ಏನು ಅಳಿಯಂದ್ರೇ, ಬೆಲೆ ಹಾಕಿದ್ರಾ?"

ಹಾಕಿದ್ದೇವೆ ಎಂದು ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಮಗಳು ಗುಂಡಿ ಒತ್ತಿದಳು, ನಾನು ಪಕ್ಕದಲ್ಲಿ ಕೂತು ನೋಡಿದೆ ಎಂದು ಗಂಟಲಣ್ಣ ಅತ್ತೆಯ ಮುಂದೆ ಹೇಗೆ ಹೇಳಿಯಾನು?

"ಅತ್ತೆ, ಪಳಗಿದವರು ಮೊದಲೇ ಕೈ ಎತ್ತಲ್ಲ. ಗುಂಪಿನ ಹಿಂದೆ ನಿಂತಿರ್ತಾರೆ. ಎಲ್ಲರೂ ಸುಸ್ತಾದ ಮೇಲೆ, ಕಡೇ ಗಳಿಗೇಲಿ, ಹೀಗೆ ಒಂದು ಬೆರಳು. ಅಷ್ಟೇ. ನೀವು ನಿಶ್ಚಿಂತೆಯಿಂದಿರಿ."

"ಸರಿ ಬಿಡಿ," ಎಂದು ಅತ್ತೆ ಫೋನಿಟ್ಟರು. ಅವರು ಅಳಿಯನ ಜೊತೆ ಇಷ್ಟು ಬೇಗ ಸರಿ ಎಂದದ್ದು ಅದೇ ಮೊದಲು. ಗಂಟಲಣ್ಣನಿಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಅವನಿಗೆ ಅದಕ್ಕಿಂತ ದೊಡ್ಡದೊಂದು ಸಂಕಟ ಶುರುವಾಗಿತ್ತು. ಆ ದಿನವಿಡೀ ಕಂಪ್ಯೂಟರಿನ ಬೆಲೆ ಕದಲಲಿಲ್ಲ. ಮೊಲವೊಂದೇ ಮೂಲಬೆಲೆಯ ಮೇಲೆ ಕೂತಿತ್ತು. ಕೊಳ್ಳುವವನಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೇನಿದೆ? ಆದರೆ ಗಂಟಲಣ್ಣ ಹುಟ್ಟಿನಿಂದ ಕೊಳ್ಳುವವನಲ್ಲ. ಹರಾಜಿನಲ್ಲಿ ಯಾರೂ ಬೆಲೆ ಏರಿಸದೆ ನಿಂತರೆ ಮಾರುಕಟ್ಟೆಯವರು 'ಮಾಲು ಮಲಗಿತು' ಎನ್ನುತ್ತಾರೆ. ಕೂಗುವವನಿಗೆ ಅದಕ್ಕಿಂತ ಅವಮಾನವಿಲ್ಲ. ಅವನ ಕಾಲದಲ್ಲಿ ಒಂದು ಕುಂಬಳಕಾಯಿಯೂ ಮಲಗಿದ್ದಿಲ್ಲ. ಈಗ ಇಷ್ಟು ಚೆಂದದ ಕಂಪ್ಯೂಟರು ಎಲ್ಲರ ಕಣ್ಣೆದುರು ಅಂಗಾತ ಮಲಗಿದೆ, ಎಬ್ಬಿಸುವವರಿಲ್ಲ.

"ಏನ್ರೀ, ತಟ್ಟೇಲಿ ಅನ್ನ ಹಾಗೇ ಇದೆ?" ಎಂದಳು ಹೆಂಡತಿ.

"ಒಬ್ಬನೂ ಏರಿಸ್ತಿಲ್ವಲ್ಲೇ."

"ಒಳ್ಳೇದೇ ಅಲ್ವಾ?"

"ಒಳ್ಳೇದೇ," ಎಂದು ಅವನು ಅನ್ನ ಕಲಸಿದ. "ಆದ್ರೂ ಪಾಪ."

ಸಂಜೆ ಹಿತ್ತಲಲ್ಲಿ ಒಗೆದ ಬಟ್ಟೆ ತೆಗೆಯುವ ನೆಪದಲ್ಲಿ ಹೋಗಿ ಫೋನು ತೆರೆದ. ಕಂಪ್ಯೂಟರಿನ ಚಿತ್ರದ ಕೆಳಗೆ 'ನಿಮ್ಮ ಅಭಿಪ್ರಾಯ ತಿಳಿಸಿ' ಎಂದು ಒಂದು ಖಾಲಿ ಜಾಗವಿತ್ತು. ಅವನ ದಪ್ಪ ಬೆರಳಿಗೆ ಅಕ್ಷರ ಒತ್ತಲು ಬರುತ್ತಿರಲಿಲ್ಲ. ಆದರೆ ಪಕ್ಕದಲ್ಲೇ ಮೈಕಿನ ಚಿತ್ರವಿತ್ತು, ಅದನ್ನು ಒತ್ತಿ ಮಾತಾಡಿದರೆ ಫೋನು ತಾನೇ ಬರೆದುಕೊಳ್ಳುತ್ತಿತ್ತು. ಹರಾಜು ಕೂಗುವವನ ಬಾಯಿಯ ಮುಂದೆ ಮೈಕು ಹಿಡಿದರೆ ಏನಾಗಬೇಕೋ ಅದಾಯಿತು.

"ಬನ್ನಿ ಸ್ವಾಮಿ, ಹತ್ತಿರ ಬನ್ನಿ, ಕಣ್ಣಿದ್ದವರು ಒಮ್ಮೆ ನೋಡಿ. ವೈದ್ಯರ ಮನೆಯ ಮಾಲು, ದಿನಾ ಕೈ ತೊಳೆದು ಮುಟ್ಟಿದ ಮಾಲು. ಈ ಪರದೆಯ ಮೇಲೆ ಧೂಳು ಕೂರೋದಕ್ಕೂ ಅಪ್ಪಣೆ ಕೇಳಿದೆ. ಈ ಬೆಲೆಗೆ ಬಿಟ್ಟರೆ ನಾಳೆ ನೀವೇ ನಿಮ್ಮ ತಲೆ ಚಚ್ಚಿಕೊಳ್ತೀರಿ. ನಾನು ಅನುಭವದ ಮೇಲೆ ಹೇಳ್ತಿದ್ದೀನಿ."

ಹೇಳಿ ಮುಗಿಸಿದಾಗ ಅವನ ಮೈ ಹಗುರವಾಯಿತು. ಕಂಪ್ಯೂಟರಿನ ಪಕ್ಕದಲ್ಲಿ ಅದೇ ದಂತವೈದ್ಯರ ಇನ್ನೊಂದು ವಸ್ತು ಮಲಗಿತ್ತು. ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲು. ಬಾಯಿ ಹೇಗೂ ಬಿಸಿಯಾಗಿತ್ತು. ಅದಕ್ಕೂ ಒಂದಿಷ್ಟು ಹೇಳಿದ. "ಮನುಷ್ಯನಿಗಿಂತ ಮೊದಲು ಅವನ ಹೊಟ್ಟೆ ಬಾಗಿಲು ದಾಟುವ ಮನೆ ಯಾವುದಿದೆಯೋ ಆ ಮನೆಗೆ ಇದು ಬೇಕೇ ಬೇಕು. ಗಂಡಸರು ತಾವಾಗಿ ತರೋದಿಲ್ಲ. ಮನೆಯ ಹಿರಿಯರು ತಂದು, ಹತ್ತಿಸಿ, ಎದುರಿಗೆ ಕೂತು ತುಳಿಸಬೇಕು."

ಆಮೇಲೆ ಬಟ್ಟೆಯನ್ನು ಹಗ್ಗದ ಮೇಲೆಯೇ ಬಿಟ್ಟು ಒಳಗೆ ಬಂದು ಎರಡು ಸಲ ಅನ್ನ ಬಡಿಸಿಕೊಂಡು ಉಂಡ. ರಾತ್ರಿ ಸುಖವಾಗಿ ನಿದ್ದೆ ಹತ್ತಿತು.

ಶನಿವಾರ ಅವನು ಮಾರುಕಟ್ಟೆಯಿಂದ ಬರುವಷ್ಟರಲ್ಲಿ ಮನೆಯಲ್ಲಿ ಗಲಿಬಿಲಿ ಎದ್ದಿತ್ತು. ಮಗಳು ಫೋನು ಹಿಡಿದು ಅಡುಗೆಮನೆಗೂ ಮುಂದಿನ ಕೋಣೆಗೂ ಓಡಾಡುತ್ತಿದ್ದಳು.

"ಅಮ್ಮ, ನರಿ ಬಂತು. ಅದರ ಹಿಂದೆ ಆಮೆ ಬಂತು. ಈಗ ಯಾವುದೋ ಕರಡಿ ಬಂದಿದೆ, ಅದು ಬಿಡೋ ಹಾಗೇ ಕಾಣ್ತಿಲ್ಲ."

"ಎಷ್ಟಾಯ್ತು?" ಎಂದು ಗಂಟಲಣ್ಣ ಚಪ್ಪಲಿ ಬಿಡದೆಯೇ ಕೇಳಿದ.

"ನಮ್ಮ ಮಿತೀಲಿ ಮುಕ್ಕಾಲು ಪಾಲು ಮುಟ್ಟಿದೆ."

"ಭೇಷ್!" ಎಂದುಬಿಟ್ಟ ಗಂಟಲಣ್ಣ. ಕೈ ಕೂಡ ತಟ್ಟಿದ.

ಹೆಂಡತಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ರೀ, ನೀವು ಇದನ್ನ ಕೊಳ್ತಿದ್ದೀರೋ ಮಾರ್ತಿದ್ದೀರೋ?"

"ಅಲ್ವೇ, ಮಾಲು ಎದ್ದು ಕೂತ್ಕೊಳ್ತಲ್ಲ ಅಂತ..."

"ಅಪ್ಪ," ಎಂದಳು ಮಗಳು, ಪರದೆಯಿಂದ ಕಣ್ಣು ತೆಗೆಯದೆ. "ಈ ಅನುಭವಸ್ಥ ಅಂದ್ರೆ ನೀನೇ ಅಲ್ವಾ?"

ಅವಳು ಅಷ್ಟನ್ನೂ ಗಟ್ಟಿಯಾಗಿ ಓದಿದಳು. ಕೈ ತೊಳೆದು ಮುಟ್ಟಿದ ಮಾಲು, ಅಪ್ಪಣೆ ಕೇಳಿದ ಧೂಳು, ಚಚ್ಚಿಕೊಳ್ಳಬೇಕಾದ ತಲೆ. ಕೆಳಗೆ ದಂತವೈದ್ಯರು ಉತ್ತರವನ್ನೂ ಬರೆದಿದ್ದರು. 'ತಾವು ಯಾರೋ ತಿಳಿಯದು. ನನ್ನ ಸ್ವಂತ ಹೆಂಡತಿ ಕೂಡ ನನ್ನ ವಸ್ತುಗಳ ಬಗ್ಗೆ ಇಷ್ಟು ಒಳ್ಳೆಯ ಮಾತಾಡಿಲ್ಲ. ಹಲ್ಲಿನ ತೊಂದರೆ ಏನೇ ಇದ್ದರೂ ಬನ್ನಿ, ಉಚಿತವಾಗಿ ನೋಡುತ್ತೇನೆ.'

"ಹಲ್ಲು ಉಚಿತವಾಗಿ ನೋಡ್ತಾರಂತೆ," ಎಂದ ಗಂಟಲಣ್ಣ ಮೆಲ್ಲಗೆ.

"ಅದು ಬೇಕಾಗುತ್ತೆ," ಎಂದಳು ಹೆಂಡತಿ. ಅವಳ ಧ್ವನಿ ಕೇಳಿ ಅವನು ಬಾಯಿ ಮುಚ್ಚಿಕೊಂಡು ಹಲ್ಲುಗಳನ್ನು ಕಾಪಾಡಿಕೊಂಡ.

ಅಭಿಪ್ರಾಯವನ್ನು ಅಳಿಸಲು ಮಗಳು ನೋಡಿದಳು. ಉತ್ತರ ಬಂದಾಗಿದ್ದರಿಂದ ಅಳಿಸಲು ಬರುವುದಿಲ್ಲ ಎಂದಿತು ತಾಣ. ಉಳಿದದ್ದು ಒಂದೇ ದಾರಿ. ಹೊಗಳಿದ ಬಾಯಿಯೇ ತೆಗಳಬೇಕು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ಮುಂದೆ ನಿಂತಳು. "ಹೇಳಿ, ನನ್ನೆದುರಿಗೇ ಹೇಳಿ. ಆ ಗೀರಿನ ವಿಷಯ ಹೇಳಿ. ಯಾರೂ ಅದರ ಹತ್ತಿರ ಸುಳೀಬಾರದು."

ಗಂಟಲಣ್ಣ ಗಂಟಲು ಸರಿಮಾಡಿಕೊಂಡ. ಪ್ರಾಮಾಣಿಕವಾಗಿಯೇ ಶುರುಮಾಡಿದ. "ಸ್ವಾಮಿ, ಒಂದು ಮಾತು. ಈ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಗೀರು ಇದೆ." ಇಲ್ಲಿಗೆ ನಿಲ್ಲಿಸಬೇಕಿತ್ತು. ಹೆಂಡತಿ ತಲೆಯಾಡಿಸಿ ಸಾಕು ಎಂದಳು ಕೂಡ. ಆದರೆ ಬಾಯಿ ಅವನ ಮಾತು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಅದು ಒಂದು ಉಸಿರೆಳೆದುಕೊಂಡು ಮುಂದುವರಿಯಿತು. "ಗೀರು ಇದ್ದರೇನಂತೆ? ಮುಚ್ಚಿಡದೆ ಚಿತ್ರ ಹಿಡಿದು ತೋರಿಸಿದ್ದಾರೆ ನೋಡಿ, ಅದು ಮಾರುವವರ ದೊಡ್ಡ ಗುಣ. ಗೀರಿಲ್ಲದ ವಸ್ತು ಕೆಲಸ ಮಾಡಿಲ್ಲ ಅಂತ ಅರ್ಥ. ಇದು ದುಡಿದಿದೆ, ಇನ್ನೂ ದುಡಿಯುತ್ತೆ, ನಂಬಿ ತಗೊಳ್ಳಿ!"

ಹೆಂಡತಿ ಫೋನು ಕಿತ್ತುಕೊಳ್ಳುವ ಭರದಲ್ಲಿ ಅವಳ ಹೆಬ್ಬೆರಳು ಎಲ್ಲಿ ತಾಗಬಾರದೋ ಅಲ್ಲಿ ತಾಗಿತು. ಮಾತು ಹೋಗಿ ಕಂಪ್ಯೂಟರಿನ ಕೆಳಗೆ ಕೂತಿತು. ಅವರು ಮೂವರೂ ನೋಡುತ್ತಿರುವಾಗಲೇ ಕರಡಿ ಇನ್ನೊಂದು ಮೆಟ್ಟಿಲು ಹತ್ತಿತು.

"ಇನ್ನು ನೀವು ಆ ಫೋನು ಮುಟ್ಟಿದ್ರೆ ನೋಡಿ," ಎಂದು ಹೆಂಡತಿ ಅದನ್ನು ಹೊಲಿಗೆಯ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟಳು.

ಭಾನುವಾರ ಸಂಜೆ ಮೂವರೂ ಮುಂದಿನ ಕೋಣೆಯಲ್ಲಿ ಕೂತರು. ಗಂಟಲಣ್ಣನ ಕೈ ಸುಮ್ಮನಿರುವುದಿಲ್ಲವೆಂದು ಹೆಂಡತಿ ಅವನ ಎರಡೂ ಮುಂಗೈಗಳಿಗೆ ನೀಲಿ ನೂಲಿನ ಲಡಿ ತೊಡಿಸಿ ಹಿಡಿದುಕೊಳ್ಳಲು ಹೇಳಿ, ತಾನು ಎದುರು ಕೂತು ಉಂಡೆ ಸುತ್ತತೊಡಗಿದಳು. ಡಾಲ್ಫಿನ್ನಿಗೆಂದೇ ತಂದಿದ್ದ ನೂಲು ಅದು. ಮಗಳು ಮೇಜಿನ ಮೇಲೆ ಫೋನು ಒರಗಿಸಿಟ್ಟು ವಾರ್ತೆ ಓದುವವಳಂತೆ ಹೇಳುತ್ತಿದ್ದಳು.

"ಆಮೆ ಬಿಟ್ಟುಹೋಯ್ತು. ನರಿ ಇನ್ನೂ ಇದೆ. ನರಿ ಹಾಕ್ತು. ಮೊಲ ಹಾಕ್ತು. ಕರಡಿ ಹಾಕ್ತು. ಅಮ್ಮ, ನಮ್ಮ ಮಿತಿ ಮುಗೀತು."

ಹೆಂಡತಿ ಉಂಡೆ ಸುತ್ತುವುದನ್ನು ನಿಲ್ಲಿಸಿದಳು. "ಇನ್ನೊಂಚೂರು ಹಾಕು. ಹೊಸ ಪರದೆ ಬಟ್ಟೆಗೆ ಅಂತ ಎತ್ತಿಟ್ಟಿದ್ದು ಇದೆಯಲ್ಲ, ಅದೂ ಸೇರಿಸು."

ಮಗಳು ಸೇರಿಸಿದಳು. ಕಿಟಕಿಯ ಹೊಸ ಪರದೆಗಳನ್ನು ಕರಡಿ ಒಂದೇ ಗುಟುಕಿಗೆ ನುಂಗಿತು. ಹೆಂಡತಿ ಬೇಡ ಎಂಬಂತೆ ಕೈಯಾಡಿಸಿದಳು. ನರಿ ಮತ್ತು ಕರಡಿ ಮಾತ್ರ ಉಳಿದವು. ಅವು ಒಂದನ್ನೊಂದು ತಳ್ಳಿಕೊಂಡು ಹತ್ತಿ, ಹೊಸ ಕಂಪ್ಯೂಟರಿನ ಬೆಲೆಗೆ ನಾಲ್ಕು ಬೆರಳು ಕೆಳಗೆ ಬಂದು ನಿಂತವು. ನರಿ ಸುಸ್ತಾಯಿತು.

"ಒಂದು ಸಲ," ಎಂದಿತು ಗಂಟಲಣ್ಣನ ಬಾಯಿ ತನ್ನ ಪಾಡಿಗೆ. "ಎರಡು ಸಲ." ಮೂರನೆಯ ಸಲ ಹೊರಗೆ ಬರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ್ದ. ಅವಳು ಅವನನ್ನು ನೋಡುತ್ತಿರಲಿಲ್ಲ, ಯಂತ್ರದ ಮೇಲೆ ನೇತಾಡುತ್ತಿದ್ದ ಜಾಕೆಟ್ಟನ್ನು ನೋಡುತ್ತಿದ್ದಳು. ಹರಾಜು ಮುಗಿಯಿತು.

"ಬೈದುಬಿಡೇ," ಎಂದ ಅವನು, ನೂಲಿನಲ್ಲಿ ಸಿಕ್ಕಿದ ಕೈಗಳನ್ನು ಹಾಗೆಯೇ ಮುಂದಕ್ಕೆ ಚಾಚಿಕೊಂಡು.

"ಬೈದ್ರೆ ಬಾಲ ಬರುತ್ತಾ?" ಎಂದಳು ಅವಳು. ಲಡಿಯನ್ನು ಜೋಪಾನವಾಗಿ ಬಿಡಿಸಿ ತೆಗೆದಳು. "ನಾಡಿದ್ದು ಕ್ಲಬ್ಬಿನವರು ಬರ್ತಾರೆ. ನನ್ನ ಕೈಲಿ ಆಗಲ್ಲ ಅಂತ ಹೇಳಿ ಬಟ್ಟೆ ಎಲ್ಲ ವಾಪಸು ಕೊಟ್ಟುಬಿಡ್ತೀನಿ."

ಅವಳು ಕೂಗಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಕೂಗಾಟ ಅವನಿಗೆ ಹೊಸದಲ್ಲ. ಮೆಲ್ಲಗೆ ಆಡಿದ ಆ ಮಾತನ್ನು ತಡೆದುಕೊಳ್ಳಲು ಅವನಿಗೆ ಬರಲಿಲ್ಲ. ಈಜು ಕ್ಲಬ್ಬಿನ ಕೆಲಸ ಬಂದ ದಿನ ಅವಳು ಎಲ್ಲರಿಗೂ ಫೋನು ಮಾಡಿ ಹೇಳಿದ್ದು ಅವನಿಗೆ ನೆನಪಿತ್ತು. ಮೊದಲು ಹೇಳಿದ್ದು ಅವನಿಗೇ, ಅದೂ ಮಾರುಕಟ್ಟೆಯ ಗದ್ದಲದ ನಡುವೆ, ಎರಡೆರಡು ಸಲ.

ಸೋಮವಾರ ಮಾರುಕಟ್ಟೆಯಲ್ಲಿ ಒಂದು ರಾಶಿ ಎಲೆಕೋಸು ಮಲಗಿತು. ಬೆಕ್ಕುಗಳು ಎದ್ದು ಓಡದೆ ಅಲ್ಲಲ್ಲೇ ಕೂತು ಅವನ ಮುಖ ನೋಡಿದವು. ಗಂಟಲಣ್ಣ ಪೆಟ್ಟಿಗೆಯಿಂದ ಇಳಿದು, ನೇರವಾಗಿ ಮನೆಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಅಂಗಡಿಗೆ ಹೋಗುವುದು, ಚೀಟಿಯಲ್ಲಿ ಬರೆದ ಬೆಲೆಯನ್ನು ಓದುವುದು, ಬಾಯಿ ಮುಚ್ಚಿಕೊಂಡು ಕಂತಿಗೆ ಸಹಿ ಹಾಕುವುದು ಎಂದು ತೀರ್ಮಾನಿಸಿ ಹೊರಟ.

ಮನೆಯ ಮುಂದೆ ಒಂದು ಸಾಮಾನಿನ ವ್ಯಾನು ನಿಂತಿತ್ತು. ಅದರ ಪಕ್ಕ ಮಡಚಿದ ಕೊಡೆಯನ್ನು ಬೆತ್ತದಂತೆ ಹಿಡಿದು ಅತ್ತೆ ನಿಂತಿದ್ದರು.

"ಬನ್ನಿ ಅಳಿಯಂದ್ರೇ. ಕಡೇ ಗಳಿಗೆ ಬೆರಳು ಏನಾಯ್ತು?"

ಗಂಟಲಣ್ಣ ತಲೆ ತಗ್ಗಿಸಿದ. "ಕೈ ತಪ್ಪಿಹೋಯ್ತು ಅತ್ತೆ. ಎಲ್ಲಿಂದಲೋ ಒಂದು ಹೊಟ್ಟೆಬಾಕ ಕರಡಿ ಬಂದು ನುಂಗಿಹಾಕ್ತು. ಆ ಕರಡಿಗೆ ಬುದ್ಧಿ ಅನ್ನೋದೇ ಇಲ್ಲ. ಹಳೇ ವಸ್ತುವಿಗೆ ಯಾರಾದ್ರೂ ಅಷ್ಟು ಕೊಡ್ತಾರಾ?"

"ಹೌದಾ?" ಎಂದರು ಅತ್ತೆ. "ಆ ಕರಡಿ ನಾನೇ."

ವ್ಯಾನಿನವನು ಪೆಟ್ಟಿಗೆಯನ್ನು ಹೊತ್ತು ಒಳಗೆ ಹೋದ. ಹೆಂಡತಿ ಬಾಗಿಲಲ್ಲೇ ನಿಂತು ಒಮ್ಮೆ ಅಮ್ಮನನ್ನೂ ಒಮ್ಮೆ ಪೆಟ್ಟಿಗೆಯನ್ನೂ ನೋಡಿದಳು. ಅತ್ತೆ ಒಳಗೆ ಬಂದು, ನೀರು ತರಿಸಿ ಕುಡಿದು, ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಹೆಸರಿನ ಜಾಗ ಖಾಲಿ ಬಿಟ್ಟಿದ್ದಕ್ಕೆ ಅವರೇ ಕರಡಿ ಅಂತ ಇಟ್ಟರು ಕಣೇ. ಇರಲಿ, ಶಾಲೇಲಿ ಮಕ್ಕಳು ಇಟ್ಟಿದ್ದೂ ಅದೇ."

"ಅಲ್ಲಮ್ಮ, ನನಗೊಂದು ಮಾತು ಹೇಳಬಾರದಿತ್ತಾ?" ಹೆಂಡತಿಯ ಕಣ್ಣಲ್ಲಿ ನೀರೂ ಬಾಯಲ್ಲಿ ನಗುವೂ ಒಟ್ಟಿಗೆ ಬಂದಿದ್ದವು.

"ಹೇಳಿದ್ರೆ ನೀನು ಬೇಡ ಅಂತಿದ್ದೆ. ಇವರು ಬೆಲೆ ಹಾಕದೆ ಗುಂಪಿನ ಹಿಂದೆ ನಿಂತಿರ್ತೀನಿ ಅಂದ್ರು. ಇವರು ನಿಂತಿರ್ತಾರೆ, ಕಂಪ್ಯೂಟರು ಹೋಗಿರುತ್ತೆ ಅಂತ ನನಗೆ ಆಗಲೇ ಗೊತ್ತಾಯ್ತು. ಅದಕ್ಕೇ ನಾನೇ ಹಾಕ್ದೆ. ಸಲೀಸಾಗಿ ಸಿಗಬೇಕಿತ್ತು. ನಡುವೆ ಯಾವುದೋ ದರಿದ್ರ ಮೊಲ ಬಿಡಲೇ ಇಲ್ಲ. ನಾನು ಹಾಕಿದ ಕೂಡಲೇ ಅದೂ ಹಾಕೋದು. ಯಾರ ಮನೆ ಮೊಲವೋ, ನಾಚಿಕೆ ಇಲ್ಲದ್ದು."

ಮಗಳು ತುಟಿ ಕಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಪಾತ್ರೆ ಬಿದ್ದ ಸದ್ದು ಕೇಳಿಸಿತು.

"ಆದ್ರೂ ಅಷ್ಟೊಂದು ಯಾಕಮ್ಮ ಕೊಟ್ಟೆ?"

"ನಾನೂ ಬಿಡೋಣ ಅಂತಲೇ ಇದ್ದೆ. ಆದರೆ ಅಲ್ಲೊಬ್ಬರು ಬರೆದಿದ್ದರು. ಪುಣ್ಯಾತ್ಮರು. ತಮಗೆ ಒಂದು ಕಾಸಿನ ಲಾಭ ಇಲ್ಲದಿದ್ರೂ ಬೇರೆಯವರಿಗೆ ಒಳ್ಳೇದಾಗಲಿ ಅಂತ ಎಷ್ಟು ಚೆನ್ನಾಗಿ ತಿಳಿಸಿ ಹೇಳಿದ್ರು ಅಂತೀಯ. ಗೀರು ಇರೋದನ್ನೂ ಮುಚ್ಚಿಡಲಿಲ್ಲ. ಆ ಗೀರಿನ ಮಾತು ಓದಿದ ಮೇಲೇ ನನಗೆ ಪೂರ್ತಿ ನಂಬಿಕೆ ಬಂದಿದ್ದು. ಅನುಭವಸ್ಥ ಅಂತ ಅವರ ಹೆಸರು." ಅತ್ತೆ ಅಳಿಯನ ಕಡೆ ತಿರುಗಿದರು. "ಮಾತು ಅಂದ್ರೆ ಹಾಗಿರಬೇಕು ಅಳಿಯಂದ್ರೇ. ತೂಕ ಇರಬೇಕು. ನೀವೂ ಮಾತಾಡ್ತೀರಿ."

ಗಂಟಲಣ್ಣನ ಬದುಕಿನಲ್ಲಿ ಅದೊಂದು ಅಪರೂಪದ ಗಳಿಗೆ. ಇಷ್ಟು ವರ್ಷಗಳಲ್ಲಿ ಅತ್ತೆ ಮೊಟ್ಟಮೊದಲ ಬಾರಿಗೆ ಅವನ ಮಾತನ್ನು ನಂಬಿದ್ದರು. ಎದೆ ಉಬ್ಬಿಸಿ ಆ ಪುಣ್ಯಾತ್ಮ ನಾನೇ ಎಂದು ಸಾರುವ ಆಸೆ ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಅತ್ತೆ ತೆತ್ತ ಬೆಲೆಯ ನೆನಪೂ ಬಂತು. ಎರಡೂ ಗಂಟಲಲ್ಲಿ ಸಿಕ್ಕಿಕೊಂಡು ಅವನಿಗೆ ಕೆಮ್ಮು ಹತ್ತಿತು.

ಹೆಂಡತಿ ನೀರಿನ ಲೋಟ ತಂದು ಕೊಡುತ್ತ ಕಿವಿಯ ಹತ್ತಿರ ಬಗ್ಗಿದಳು. "ಹೇಳ್ಲಾ?"

"ಬೇಡ," ಎಂದ ಅವನು ಲೋಟದೊಳಗೆ. "ನೀನು ಏನು ಹೇಳಿದ್ರೂ ಕೇಳ್ತೀನಿ."

ಆ ಮಾತನ್ನು ಅವನು ಇನ್ನೂ ಸ್ವಲ್ಪ ತಡೆದು ಆಡಬೇಕಿತ್ತು. ಯಾಕೆಂದರೆ ವ್ಯಾನಿನವನು ಇನ್ನೂ ಹೋಗಿರಲಿಲ್ಲ. ಬಾಗಿಲಲ್ಲಿ ಮತ್ತೆ ಸದ್ದಾಯಿತು. ಅವನು ಏದುಸಿರು ಬಿಡುತ್ತ, ಗೋಣಿಚೀಲ ಸುತ್ತಿದ, ಹಿಡಿಕೆಯೂ ಪೆಡಲ್ಲೂ ಹೊರಗೆ ಚಾಚಿದ ಏನನ್ನೋ ಹೊಸಿಲು ದಾಟಿಸುತ್ತಿದ್ದ.

"ಅದನ್ನ ಇಲ್ಲೇ ಕಿಟಕಿ ಹತ್ರ ಇಡಪ್ಪ," ಎಂದರು ಅತ್ತೆ. ಆಮೇಲೆ ಅಳಿಯನ ಕಡೆ ನೋಡಿ, ಮೊದಲ ಬಾರಿಗೆ ಪ್ರೀತಿಯಿಂದ ನಕ್ಕರು. "ಇದು ನಿಮಗೆ. ಇದರ ಬಗ್ಗೆಯೂ ಅವರು ಬರೆದಿದ್ರು. ಮನುಷ್ಯನಿಗಿಂತ ಮೊದಲು ಹೊಟ್ಟೆ ಬಾಗಿಲು ದಾಟೋ ಮನೆಗೆ ಇದು ಬೇಕೇ ಬೇಕು ಅಂತ. ಓದಿದ ತಕ್ಷಣ ನನಗೆ ನಿಮ್ಮದೇ ನೆನಪಾಯ್ತು."

ಹೆಂಡತಿ ಗಂಡನ ಹೊಟ್ಟೆಯನ್ನು ನೋಡಿದಳು, ಸೈಕಲ್ಲನ್ನು ನೋಡಿದಳು. ಇಷ್ಟು ಹೊತ್ತು ತಡೆದುಕೊಂಡಿದ್ದ ನಗು ಅವಳಿಗೆ ಈಗ ಪೂರ್ತಿ ಬಂತು. ಬಂದದ್ದು ಬೇಗ ನಿಲ್ಲಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು. "ಏನು ಹೇಳಿದ್ರೂ ಕೇಳ್ತೀನಿ ಅಂದ್ರಲ್ಲ. ಹತ್ತಿ."

ಕಂಪ್ಯೂಟರು ಚೆನ್ನಾಗಿಯೇ ಇತ್ತು. ಅನುಭವಸ್ಥ ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಆ ಸಂಜೆಯೇ ಡಾಲ್ಫಿನ್ನಿಗೆ ಬಾಲ ಬಂತು. ಕ್ಲಬ್ಬಿನವರು ಬಂದಾಗ ಹೆಂಡತಿ ಬಟ್ಟೆ ವಾಪಸು ಕೊಡಲಿಲ್ಲ, ಅಷ್ಟರಲ್ಲಿ ಮುಗಿದಿದ್ದ ಜಾಕೆಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿ ತೋರಿಸಿದಳು. ಈಗ ಕಿಟಕಿ ಪಕ್ಕದ ಯಂತ್ರ ಟಕಟಕನೆ ಹೊಲಿಯುತ್ತಿರುವಾಗ ಅದರ ಪಕ್ಕದಲ್ಲೇ ಗಂಟಲಣ್ಣ ಪ್ರತಿದಿನ ಸಂಜೆ ಪೆಡಲ್ಲು ತುಳಿಯುತ್ತಾನೆ. ಮಾರುಕಟ್ಟೆಯನ್ನೇ ನಡುಗಿಸುವ ಗಂಟಲಿನಿಂದ ಆಗ ಶಿಳ್ಳೆಯಂಥ ಉಸಿರು ಬಿಟ್ಟರೆ ಬೇರೇನೂ ಹೊರಡುವುದಿಲ್ಲ. ಅತ್ತೆ ತಪ್ಪದೆ ಬಂದು ಎದುರಿಗೆ ಕೂರುತ್ತಾರೆ, ಯಾಕೆಂದರೆ ಎದುರಿಗೆ ಕೂತು ತುಳಿಸಬೇಕೆಂದು ಬರೆದಿತ್ತು.

ಮೊನ್ನೆ ಅವನು ಕಾಲು ನಿಲ್ಲಿಸಿ, "ಸಾಕು ಅತ್ತೆ, ಇವತ್ತಿಗೆ ಇಷ್ಟು ಸಾಕು ಅನ್ಸುತ್ತೆ," ಎಂದ.

ಅತ್ತೆ ಕೊಡೆಯ ತುದಿಯಿಂದ ಪೆಡಲ್ಲು ತೋರಿಸಿದರು. "ನಿಮಗೆ ಅನ್ನಿಸಿದ್ದನ್ನ ಯಾರು ಕೇಳಿದ್ರು? ತಿಳಿದವರು ಹೇಳಿದ್ದಾರೆ, ತುಳೀರಿ."